‘ನಾರ್ಮಲ್’ ಅನ್ನುವ ಮಾತಿಗೂ ಒಂದು ತಾರೀಖು ಇದೆ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ, ಎಳೆಯ ಮಕ್ಕಳ ಅಪಸ್ಮಾರದಲ್ಲಿ ಮಿದುಳಿನ ಸ್ಕ್ಯಾನ್. ಕೊಟ್ಟಿರುವ ಸಮಯ 20 ನಿಮಿಷ. ಫಿಟ್ಸ್ ಅಂದರೇನು, ಎಂಆರ್‌ಐ ಅಂದರೇನು ಅಂತ ಸುಮ್ನೆ ಶುರುಮಾಡಿ ನಿಮ್ಮನ್ನು ಮಲಗಿಸುವುದಿಲ್ಲ. ಮಲಗಿಸುವ ಕೆಲಸ ಸ್ಕ್ಯಾನ್ ಕೋಣೆಯಲ್ಲಿ ದಿನಾ ಇದ್ದೇ ಇದೆ.

ನೇರವಾಗಿ ಒಂದು ಮಗುವಿನ ಕತೆಗೆ ಬರುತ್ತೇನೆ. ಹಿಂದಿನ ಸಾಲಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು ಆಗಲೇ ನಗ್ತಿದ್ದಾರೆ. ಅವರು ಇದನ್ನು ಹತ್ತು ಸಲ ಕೇಳಿದ್ದಾರೆ. ಇದು ಹನ್ನೊಂದನೆಯದು.

11 ತಿಂಗಳ ಹೆಣ್ಣುಮಗು. ಎಡಗೈ ಮಾತ್ರ ಪಟಪಟ ಅದುರುತ್ತಿತ್ತು. ದಿನಕ್ಕೆ ಏಳೆಂಟು ಸಲ. ಸ್ಕ್ಯಾನ್ ಓದುವ ನನಗೆ, ಮಗುವನ್ನು ಕಳಿಸಿದ ಡಾಕ್ಟರಿಂದ ಬಂದ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ‘ಫಿಟ್ಸ್, ಎಂಆರ್‌ಐ’. ಎಡಗೈ ಸುದ್ದಿಯೇ ಇಲ್ಲ. ನಾನೂ ಕೇಳಲಿಲ್ಲ. ಚಿತ್ರ ನೋಡಿದೆ, ‘ನಾರ್ಮಲ್’ ಅಂತ ಬರೆದೆ. ಹೊರಗೆ ಮಗುವನ್ನು ಎತ್ತಿಕೊಂಡಿದ್ದ ಅಜ್ಜಿ ಕೇಳಿದರು, “ಚಿತ್ರದಲ್ಲಿ ಏನೂ ಇಲ್ಲ ಅಂದ್ರೆ ಈ ಕೈ ಯಾಕ್ ಡಾಕ್ಟ್ರೇ ಹಿಂಗೆ ಕುಣೀತದೆ?” ನಾನು, “ನಾರ್ಮಲ್ ಬಂದಿದೆ ಅಜ್ಜೀ, ಒಳ್ಳೇದೇ ಅಲ್ವಾ?” ಅಂದೆ. ಅವರು ನನ್ನ ಮುಖವನ್ನೇ ನೋಡಿ ಸುಮ್ಮನಾದರು.

ಎರಡೂವರೆ ವರ್ಷ ತುಂಬಿದ ಮೇಲೆ ಅದೇ ಮಗು ಮತ್ತೆ ಬಂತು. ಮೂರು ಔಷಧ ಆಗಿತ್ತು, ಕೈ ನಿಂತಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದೆವು. ಬಲಗಡೆ, ಮಿದುಳಿನ ಮುಂಭಾಗದ ಒಂದು ಮಡಿಕೆಯಲ್ಲಿ ಹೊರಪದರ ದಪ್ಪ, ಅದರ ಅಂಚು ಬೆರಳಿನಿಂದ ಒರೆಸಿದ ಹಾಗೆ ಮಸುಕು. ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ, ಅಂದರೆ ಮಿದುಳಿನ ಹೊರಪದರ ಒಂದು ಕಡೆ ಸರಿಯಾಗಿ ರೂಪುಗೊಳ್ಳದೆ ಇರುವುದು. ಅಷ್ಟರಲ್ಲಿ ಅಜ್ಜಿ ಚೀಲದಿಂದ ಒಂದು ಹಳೇ ಕವರ್ ತೆಗೆದರು. ಮಗುವಿಗೆ 4 ತಿಂಗಳಿದ್ದಾಗ ಬೇರೆ ಕಡೆ ಮಾಡಿಸಿದ ಫಿಲ್ಮ್. ಬೆಳಕಿಗೆ ಹಿಡಿದೆ. ಅದೇ ಜಾಗದಲ್ಲಿ ಉಗುರಿನಷ್ಟು ಒಂದು ಕಪ್ಪು ಮಚ್ಚೆ! 4 ತಿಂಗಳಲ್ಲಿ ಇದೆ, 30 ತಿಂಗಳಲ್ಲಿ ಇದೆ. ನಡುವೆ ನನ್ನ ‘ನಾರ್ಮಲ್’.

ಮಚ್ಚೆ ಎಲ್ಲಿಗೆ ಹೋಗಿತ್ತು? ಎಲ್ಲಿಗೂ ಇಲ್ಲ. ಸುತ್ತಲಿನ ಬಣ್ಣ ಬದಲಾಗಿತ್ತು, ಅಷ್ಟೇ. ಹುಟ್ಟಿದಾಗ ಮಿದುಳಿನ ತಂತುಗಳಿಗೆ ಮಯಲಿನ್ ಹೊದಿಕೆ ಬಹುಪಾಲು ಇರುವುದಿಲ್ಲ, ನೀರು ಜಾಸ್ತಿ. ಅದಕ್ಕೇ ಟಿ2 ಅನ್ನುವ, ನೀರನ್ನು ಬೆಳ್ಳಗೆ ತೋರಿಸುವ ಎಂಆರ್‌ಐ ಚಿತ್ರದಲ್ಲಿ ಒಳಭಾಗ ಬೆಳ್ಳಗೆ, ಹೊರಪದರ ಕಪ್ಪಗೆ. ಎರಡು ವರ್ಷದ ಹೊತ್ತಿಗೆ ಇದು ತಲೆಕೆಳಗಾಗಿರುತ್ತದೆ. ನಡುವೆ, ಸುಮಾರು 6 ತಿಂಗಳಿಂದ ಒಂದೂವರೆ ವರ್ಷದವರೆಗೆ, ಎರಡರ ಬಣ್ಣವೂ ಹತ್ತಿರ ಹತ್ತಿರ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತೀವಲ್ಲ, ಆ ವಯಸ್ಸಿನಲ್ಲಿ ಹಾಲು ಯಾವುದು, ಸುಣ್ಣದ ನೀರು ಯಾವುದು ಅಂತ ಕಣ್ಣಿಗೆ ತಿಳಿಯುವುದೇ ಕಷ್ಟ. ಡಿಸ್‌ಪ್ಲೇಸಿಯಾ ಮೊದಲ ತಿಂಗಳುಗಳಲ್ಲಿ ಬಿಳಿಯ ನಡುವೆ ಕಪ್ಪಾಗಿ ಕಾಣಬಹುದು, ಆಮೇಲೆ ಕರಗಿದ ಹಾಗಾಗಬಹುದು, ಕೊನೆಗೆ ಕಪ್ಪಿನ ನಡುವೆ ಬಿಳಿಯಾಗಿ ಮತ್ತೆ ಏಳಬಹುದು.

ಅದಕ್ಕೇ ಹೇಳೋದು, ಎರಡು ವರ್ಷದೊಳಗಿನ ‘ನಾರ್ಮಲ್’ಗೆ ಒಂದು ತಾರೀಖು ಇರುತ್ತದೆ. ಇದು ನನ್ನೊಬ್ಬನ ಹಠ ಅಲ್ಲ. ಅಂತರರಾಷ್ಟ್ರೀಯ ಅಪಸ್ಮಾರ ಸಂಘಟನೆಯ ತಜ್ಞರು 2009ರಲ್ಲೇ ಬರೆದಿದ್ದಾರೆ: ಫಿಟ್ಸ್ ನಿಲ್ಲದಿದ್ದರೆ ಮತ್ತೆ ನೋಡಿ, ಮಯಲಿನ್ ಬಲಿತ ಮೇಲೆ, ಅಂದರೆ 24ರಿಂದ 30 ತಿಂಗಳ ನಂತರ, ಇನ್ನೊಮ್ಮೆ ನೋಡಿ. ಹಾಗೆಯೇ 4 ತಿಂಗಳ ಕೂಸಿಗೆ ಫಿಟ್ಸ್ ಬಂದರೆ ‘ಸ್ವಲ್ಪ ದೊಡ್ಡದಾಗಲಿ’ ಅಂತ ಕಾಯಬೇಡಿ. ಮಚ್ಚೆ ಕಪ್ಪಾಗಿ ಕಾಣುವ ಆ ಕಿಟಕಿ ಬೇಗ ಮುಚ್ಚುತ್ತದೆ.

ಈಗ ಚೀಟಿ. ನಗಬೇಡಿ, ಇದು ನನ್ನ ಹುಚ್ಚು. ಯಾವ ಕೈ, ಯಾವ ಕಡೆ ಕಣ್ಣು ಹೊರಳುತ್ತದೆ, ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ಎಲ್ಲಿ ಬೆರಳು ತೋರಿಸುತ್ತದೆ, ಯಾವ ಔಷಧ ನಡೀತಿದೆ, ಇಷ್ಟು ಬರೆಯಿರಿ. 1841ರಲ್ಲಿ ಡಾಕ್ಟರ್ ವೆಸ್ಟ್ ತಮ್ಮದೇ ಮಗನ ಫಿಟ್ಸ್ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಸ್ಕ್ಯಾನ್ ಇಲ್ಲ, ಇಇಜಿ ಇಲ್ಲ. ಆದರೆ ತಲೆ ಮೊಣಕಾಲಿನ ಕಡೆಗೆ ಬಾಗಿ ತಕ್ಷಣ ನೆಟ್ಟಗಾಗುವುದು, ಕೆಲವೇ ಸೆಕೆಂಡು ಬಿಟ್ಟು ಮತ್ತೆ ಬಾಗುವುದು, ಒಂದು ಸಲ ಶುರುವಾದರೆ ಹತ್ತಿಪ್ಪತ್ತು ಬಾರಿ, ಎರಡು ಮೂರು ನಿಮಿಷ, ಎಲ್ಲವೂ ಅದರಲ್ಲಿದೆ. ಇನ್‌ಫೆಂಟೈಲ್ ಸ್ಪಾಸಮ್, ಅಂದರೆ ಕೂಸುಗಳ ಈ ಬಗೆಯ ಫಿಟ್ಸ್ ಅಂತ ಅನುಮಾನಿಸಲು ಇವತ್ತಿಗೂ ಅದು ಸಾಕು. ಚೀಟಿ ಅಂದರೆ ಅದು!

ಔಷಧ ಯಾಕೆ ಬರೆಯಬೇಕು ಅಂತೀರಾ? ವಿಗಾಬ್ಯಾಟ್ರಿನ್ ಅನ್ನುವ ಫಿಟ್ಸ್ ಔಷಧ ತಗೊಳ್ಳುತ್ತಿರುವ ಕೆಲವು ಕೂಸುಗಳಲ್ಲಿ, ಮಿದುಳಿನ ಒಳಗಿರುವ ಥಲಾಮಸ್ ಅನ್ನುವ ಭಾಗ ಎರಡೂ ಕಡೆ ಸರಿಸಮ ಬೆಳ್ಳಗೆ ಹೊಳೆಯುತ್ತದೆ. ಔಷಧ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಚೀಟಿಯಲ್ಲಿ ಇಲ್ಲದಿದ್ದರೆ ನಾನು ಯಾವುದೋ ಮೆಟಬಾಲಿಕ್ (ದೇಹದ ರಾಸಾಯನಿಕ ಕ್ರಿಯೆಗಳ) ಕಾಯಿಲೆ ಹೆಸರು ಬರೆದು ತಂದೆತಾಯಿಯ ನಿದ್ದೆ ಕೆಡಿಸುತ್ತೇನೆ.

ಇನ್ನು ನಿದ್ದೆ. ಮೂರು ನಾಲ್ಕು ತಿಂಗಳ ಕೂಸಿಗೆ ಅನೇಕ ಸಲ ಮಂಪರು ಔಷಧವೇ ಬೇಡ. ಹಸಿವಾಗುವವರೆಗೆ ಕಾದು, ಸ್ಕ್ಯಾನ್‌ಗೆ ಸ್ವಲ್ಪ ಮುಂಚೆ ಹಾಲು ಕುಡಿಸಿ, ಕಿವಿಗೆ ರಕ್ಷಣೆ ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಆ ಧಡಧಡ ಸದ್ದಿನಲ್ಲೂ ಮಲಗುತ್ತದೆ. ಅಂಗಿಯಲ್ಲಿ ಲೋಹದ ಗುಂಡಿ ಇದೆಯಾ ಅಂತ ಮೊದಲೇ ನೋಡಿ. ಮಲಗಿದ ಮೇಲೆ ಗುಂಡಿ ಬಿಚ್ಚಲು ಹೋದ ಟೆಕ್ನಿಷಿಯನ್ ಪಾಡು ನಾನು ನೋಡಿದ್ದೇನೆ.

ಅಧ್ಯಕ್ಷರಿಂದಲೂ ಒಂದು ಚೀಟಿ ಬಂತು. ‘2 ನಿಮಿಷ’ ಅಂತ ಇದೆ. ನೋಡಿ, ಬೇಕಾದಷ್ಟನ್ನೇ ಬರೆದಿದ್ದಾರೆ.

ಹಾಗಾದರೆ ಓಡೋಣ. ಸಿಟಿಯಲ್ಲಿ ವಿಕಿರಣ ಇದೆ, ಅದನ್ನು ತುರ್ತಿಗೆ ಇಟ್ಟುಕೊಳ್ಳಿ: ರಕ್ತಸ್ರಾವ, ತಲೆಗೆ ಪೆಟ್ಟು. ಸುಣ್ಣ ಕಟ್ಟಿದ್ದನ್ನು ಅದು ಚೆನ್ನಾಗಿ ತೋರಿಸುತ್ತದೆ, ಒಪ್ಪುತ್ತೇನೆ. ಜ್ವರದಲ್ಲಿ ಬರುವ ಸಾದಾ ಫಿಟ್ಸ್‌ಗೆ ಎಂಆರ್‌ಐ ಬೇಡ. ಎಂಆರ್‌ಐ ಮೌನವಾದರೆ ಪಿಇಟಿ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನ್ ಕೆಲವೊಮ್ಮೆ ಬಾಯಿಬಿಡುತ್ತದೆ; ಅದೇ ಒಂದು ಗಂಟೆಯ ಮಾತು. ಕೃತಕ ಬುದ್ಧಿಮತ್ತೆಯ ನಾಲ್ಕು ಸ್ಲೈಡ್ ಬಿಡ್ತೇನೆ.

ಆ ಮಗು ಏನಾಯ್ತು ಅಂತ ಮುಂದಿನ ಸಾಲಿನವರು ಸನ್ನೆ ಮಾಡ್ತಿದ್ದಾರೆ. ಆಪರೇಷನ್ ಆಯ್ತು. ಫಿಟ್ಸ್ ನಿಂತಿದೆ, ಒಂದು ಮಾತ್ರೆ ಇನ್ನೂ ನಡೀತಿದೆ. ಎಡಗೈ ಸ್ವಲ್ಪ ನಿಧಾನ, ಆದರೂ ಗುಂಡಿ ತಾನೇ ಹಾಕಿಕೊಳ್ಳುತ್ತಾಳೆ. ಅಜ್ಜಿ ಪ್ರತಿ ಸಲವೂ ಮೂರು ಫಿಲ್ಮನ್ನೂ ಒಂದೇ ಕವರಿನಲ್ಲಿ ತರುತ್ತಾರೆ, ವಯಸ್ಸಿನ ಪ್ರಕಾರ ಜೋಡಿಸಿ. ನನ್ನದು ನಡುವೆ ಇರುತ್ತದೆ.

ಪ್ರಶ್ನೆಗಳಿದ್ದರೆ ಹೊರಗೆ ಸಿಗುತ್ತೇನೆ. ನಮಸ್ಕಾರ.