ನಾಲ್ಕೇ ಸಾಲಿನ ಪದ್ಯ, ಒಳಾರ್ಥ ಹುಡುಕೋದು ಹೇಗೆ? | ಕಾಫಿ ಹೂವಿನ ಪದ್ಯ ಓದೋಣ

(ಪರದೆ ಮೇಲೆ ಪದ್ಯ ಮಾತ್ರ. ಸಂಗೀತ ಬೇಡ. ನೋಡುವವರು ನಿಧಾನವಾಗಿ ಎರಡು ಸಲ ಓದಿಕೊಳ್ಳುವಷ್ಟು ಹೊತ್ತು ಬಿಡಬೇಕು.)

ಒಂದೇ ಮಳೆ ಬಂದು ಹೋಯಿತು.
ಒಂಬತ್ತನೆಯ ಬೆಳಗು ತೋಟವೆಲ್ಲ ಬಿಳಿ.
ಮೋಡ ನೋಡುತ್ತ ನಿಂತಿದ್ದಾರೆ ಅಪ್ಪ.
ಜೇನಿಗೆ ಪುರುಸೊತ್ತಿಲ್ಲ.

ನಮಸ್ಕಾರ. ಈ ಪದ್ಯ ಕಳಿಸಿದವರು ನಮ್ಮ ಚಾನೆಲ್ ನೋಡುವ, ಮೂಡಿಗೆರೆ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಹೇಳುವುದು ಬೇಡ ಅಂದಿದ್ದಾರೆ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದಾರೆ: "ಸರ್, ಓದಿದವರೆಲ್ಲ ಚೆನ್ನಾಗಿದೆ ಅಂತಾರೆ, ಆಮೇಲೆ ಇದರ ಒಳಾರ್ಥ ಏನು ಅಂತ ಕೇಳ್ತಾರೆ. ನಾನು ಏನು ಹೇಳಲಿ?"

ಇವತ್ತಿನ ವಿಡಿಯೋ ಪೂರ್ತಿ ಈ ನಾಲ್ಕು ಸಾಲಿನ ಮೇಲೆಯೇ.

ಒಳಾರ್ಥ ಅಂದ ಕೂಡಲೇ ನಾವು ಪದ್ಯ ಬಿಟ್ಟು ಬೇರೆ ಕಡೆ ಓಡುತ್ತೇವೆ. ಹೂವು ಕಂಡರೆ "ಬದುಕು ಕ್ಷಣಿಕ". ಮಳೆ ಕಂಡರೆ "ಕಷ್ಟದ ನಂತರ ಸುಖ". ಜೇನು ಕಂಡರಂತೂ ಕೇಳುವುದೇ ಬೇಡ, "ದುಡಿಮೆಯೇ ದೇವರು". ಶಾಲೆಯಲ್ಲಿ ಸಾರಾಂಶ ಬರೆದು ಬರೆದು ಕೈಗೆ ಬಂದಿರುವ ಅಭ್ಯಾಸ ಅದು. ಇವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ನೀವು ಹುಡುಕಿದ ಅರ್ಥವನ್ನು ಮಲ್ಲಿಗೆಯ ಪದ್ಯದ ಕೆಳಗೆ, ದಾಸವಾಳದ ಪದ್ಯದ ಕೆಳಗೆ, ಕೆರೆಯ ತಾವರೆಯ ಪದ್ಯದ ಕೆಳಗೆ ಬರೆದರೂ ಸರಿಹೊಂದುತ್ತದಾ? ಹೊಂದಿದರೆ ಅದು ಈ ಪದ್ಯದ ಅರ್ಥ ಅಲ್ಲ, ನೀವು ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಬಂದದ್ದು.

ಹಾಗಾದರೆ ಈ ಪದ್ಯದ್ದೇ ಆದ ಅರ್ಥ ಎಲ್ಲಿದೆ? ಪದ್ಯದಲ್ಲಿ ಏನೇನು ವಸ್ತು ಇದೆಯೋ ಅದರೊಳಗೇ ಇದೆ ಅನ್ನುವುದು ನನ್ನ ನಂಬಿಕೆ. ಮಳೆ, ಬಿಳಿ ತೋಟ, ಅಪ್ಪ, ಮೋಡ, ಜೇನು. ಇಷ್ಟೇ ಇರುವುದು. ಒಂದೊಂದನ್ನೂ ಹಿಡಿದು "ಇದು ನಿಜವಾಗಿ ಏನು, ಇಲ್ಲಿ ಏನು ನಡೆಯುತ್ತಿದೆ" ಅಂತ ಕೇಳುತ್ತಾ ಹೋಗಬೇಕು.

(ದೃಶ್ಯ: ಮಾರ್ಚ್ ತಿಂಗಳ ಕಾಫಿ ತೋಟ. ಒಣಗಿದ ನೆಲ, ಸಿಲ್ವರ್ ಓಕ್ ಮರಗಳು, ಬಾಡಿದಂತೆ ಕಾಣುವ ಗಿಡ.)

ಮೊದಲ ಸಾಲು, ಒಂದೇ ಮಳೆ. ಚಿಕ್ಕಮಗಳೂರು, ಸಕಲೇಶಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಬಯಲುಸೀಮೆಯಲ್ಲಿ ಕೂತು ನೋಡುತ್ತಿರುವವರಿಗೆ ಹೇಳಲೇಬೇಕು. ಇದು ಮುಂಗಾರು ಮಳೆಯಲ್ಲ, ಹೂ ಮಳೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬರಬೇಕಾದ ಮಳೆ. ಅಷ್ಟು ಹೊತ್ತಿಗೆ ಕಾಫಿ ಗಿಡದ ಗೆಣ್ಣುಗಳಲ್ಲಿ ಮೊಗ್ಗು ಕೂತಿರುತ್ತದೆ, ಆದರೆ ಅರಳುವುದಿಲ್ಲ. ಬಿಸಿಲಿಗೆ, ನೆಲದ ಒಣಗಿಗೆ ನಿದ್ದೆಯಲ್ಲಿ ಇರುತ್ತದೆ. ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಆ ಮೊಗ್ಗು ಎಚ್ಚರವಾಗುತ್ತದೆ. ಅದಕ್ಕೇ ಮಲೆನಾಡಿನಲ್ಲಿ ಆ ತಿಂಗಳುಗಳಲ್ಲಿ ಯಾರು ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು" ಅಂತ. ನೂರು ಸೆಂಟ್ ಅಂದರೆ ಒಂದು ಇಂಚು. ಪಕ್ಕದ ಊರಿಗೆ ಬಂದು ನಮ್ಮ ಊರಿಗೆ ಬರದೇ ಇರುವುದೂ ಉಂಟು, ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಈಗ "ಒಂದೇ ಮಳೆ ಬಂದು ಹೋಯಿತು" ಅನ್ನುವುದನ್ನು ಮತ್ತೆ ಓದಿ. "ಹೋಯಿತು" ಅಂತ ಮುಗಿಸಿದ್ದಾರೆ. ಬಂತು ಅನ್ನುವ ಸಮಾಧಾನವೂ ಇದೆ, ಮತ್ತೆ ಬಂದಿಲ್ಲ ಅನ್ನುವ ಲೆಕ್ಕವೂ ಇದೆ.

ಎರಡನೇ ಸಾಲಿನ ಒಂಬತ್ತನೆಯ ಬೆಳಗು ಸುಮ್ನೆ ಪ್ರಾಸಕ್ಕೆ ಬಂದದ್ದಲ್ಲ. ನಮ್ಮ ತೋಟಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಕಾಫಿ, ಅರೇಬಿಕಾ ಮತ್ತು ರೊಬಸ್ಟಾ. ಮಳೆಯಾದ ಮೇಲೆ ಅರೇಬಿಕಾ ಅರಳಲು ಒಂಬತ್ತು ಹತ್ತು ದಿನ ಬೇಕು, ರೊಬಸ್ಟಾ ಒಂದೆರಡು ದಿನ ಮುಂಚೆಯೇ ಅರಳುವುದುಂಟು. ಹೆಚ್ಚುಕಮ್ಮಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನ ಬಿಳಿ, ಆಮೇಲೆ ಕಂದು. ಅಂದರೆ ಈ ಪದ್ಯವನ್ನು ಯಾರೋ ದಿನ ಎಣಿಸುತ್ತಾ ಕೂತು ಬರೆದಿದ್ದಾರೆ. ಆ ಮನೆಯಲ್ಲಿ ಎಲ್ಲರೂ ಎಣಿಸುತ್ತಿದ್ದರು. ಹೂವು ನೋಡಿ ಖುಷಿಪಡುವ ಪ್ರವಾಸಿಯ ಪದ್ಯ ಅಲ್ಲ ಇದು, ಅಲ್ವಾ? ಪ್ರವಾಸಿಗೆ ಅದು ಎಷ್ಟನೇ ದಿನ ಅಂತ ಹೇಗೆ ಗೊತ್ತಾಗಬೇಕು?

(ದೃಶ್ಯ: ಅರಳಿದ ರೆಂಬೆ, ಹತ್ತಿರದಿಂದ. ಗೆಣ್ಣು ಗೆಣ್ಣಿಗೂ ಬಿಳಿ ಗೊಂಚಲು. ಕ್ಯಾಮೆರಾ ನಿಧಾನವಾಗಿ ಮೇಲಕ್ಕೆ, ಮರಗಳ ನಡುವೆ ಕಾಣುವ ಆಕಾಶಕ್ಕೆ.)

ಈಗ ಮೂರನೇ ಸಾಲು. ನನ್ನ ಮಟ್ಟಿಗೆ ಪದ್ಯದ ಜೀವ ಇರುವುದು ಇಲ್ಲೇ. ವರ್ಷಕ್ಕೊಮ್ಮೆ ಬರುವ ದಿನ. ತೋಟ ತುಂಬಾ ಹೂವು. ಆದರೆ ಅಪ್ಪ ಹೂವು ನೋಡುತ್ತಿಲ್ಲ, ತಲೆ ಎತ್ತಿ ಮೋಡ ನೋಡುತ್ತಿದ್ದಾರೆ. ಯಾಕೆ?

ಇಲ್ಲಿ ತೋಟದ ವಿಷಯ ಗೊತ್ತಿರಬೇಕು. ಹೂವು ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದು ಹೋಗುತ್ತದೆ, ಕಾಯಿ ಕಟ್ಟುವುದು ಕಮ್ಮಿಯಾಗುತ್ತದೆ. ಹಾಗಾಗಿ ಇವತ್ತು ಮಳೆ ಬರಬಾರದು. ಆದರೆ ಹೂವು ಮುಗಿದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕೇ ಬೇಕು. ಬ್ಯಾಕಿಂಗ್ ಮಳೆ ಅಂತಾರೆ. ಅದು ಬರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ಅಂದರೆ ಈ ಮೋಡ ಇವತ್ತಿಗೆ ಬೇಡ, ಹದಿನೈದು ದಿನಕ್ಕೆ ಬೇಕು. ಇವತ್ತು ಸುರಿದರೂ ನಷ್ಟ, ಆಮೇಲೆ ಸುರಿಯದಿದ್ದರೂ ನಷ್ಟ. ಕಾಯಿ ಹಣ್ಣಾಗಿ ಕೊಯ್ಲಿಗೆ ಬರುವುದು ಅರೇಬಿಕಾ ಆದರೆ ನವೆಂಬರ್ ನಂತರ, ರೊಬಸ್ಟಾ ಆದರೆ ಜನವರಿ ಹೊತ್ತಿಗೆ. ಅಷ್ಟು ದೂರದ ದುಡ್ಡು, ಸಾಲ, ಮಕ್ಕಳ ಫೀಸು, ಮನೆಯಲ್ಲಿ ನಡೆಯಬೇಕಾದ ಮದುವೆ ಎಲ್ಲದರ ಹಣೆಬರಹ ಈ ಒಂದೆರಡು ವಾರದಲ್ಲಿ ಅರ್ಧ ತೀರ್ಮಾನವಾಗುತ್ತದೆ.

ಈಗ ಹೇಳಿ, ಅಪ್ಪ ಮೋಡಕ್ಕೆ "ಬಾ" ಅನ್ನುತ್ತಿದ್ದಾರಾ, "ಬರಬೇಡ" ಅನ್ನುತ್ತಿದ್ದಾರಾ?

ಪದ್ಯ ಹೇಳುವುದಿಲ್ಲ. ನನಗೆ ಅನ್ನಿಸುವ ಹಾಗೆ ಎರಡೂ ಇದೆ, ಒಂದೇ ನೋಟದಲ್ಲಿ ಇದೆ. ಒಳಾರ್ಥ ಅಂತ ಕೇಳಿದರೆ ನಾನು ಬೆರಳು ಮಾಡಿ ತೋರಿಸುವುದು ಈ ಜಾಗವನ್ನೇ. ಬೇಕು ಬೇಡ ಎರಡೂ ಒಟ್ಟಿಗೆ ಇರುವಾಗ ಮನುಷ್ಯ ಹೇಗೆ ನಿಲ್ಲುತ್ತಾನೆ ಅನ್ನುವುದನ್ನು ಒಂದು ಸಾಲಿನಲ್ಲಿ ಹಿಡಿದಿದ್ದಾರೆ. ಈ ಅರ್ಥವನ್ನು ತೆಗೆದುಕೊಂಡು ಹೋಗಿ ದಾಸವಾಳದ ಪದ್ಯದ ಕೆಳಗೆ ಬರೆಯಲು ಆಗುತ್ತದಾ? ಆಗುವುದಿಲ್ಲ.

ಇನ್ನೊಂದು ವಿಷಯ. ಪದ್ಯದಲ್ಲಿ ಏನಿದೆ ಅಂತ ನೋಡಿದ ಮೇಲೆ ಏನಿಲ್ಲ ಅಂತಲೂ ನೋಡಬೇಕು. ಕಾಫಿ ಹೂವು ಅಂದ ಕೂಡಲೇ ಯಾರಿಗಾದರೂ ಮೊದಲು ನೆನಪಾಗುವುದು ಪರಿಮಳ. ಮಲ್ಲಿಗೆಯ ಹಾಗೆ ಘಮ್ ಅನ್ನುತ್ತದೆ, ರಸ್ತೆಯಲ್ಲಿ ಹೋಗುವ ಬಸ್ಸಿನೊಳಗೂ ಬರುತ್ತದೆ. ನಾಲ್ಕು ಸಾಲಿನಲ್ಲಿ ಆ ಪರಿಮಳದ ಸುದ್ದಿಯೇ ಇಲ್ಲ!

ಇದಕ್ಕೆ ಜಪಾನಿನ ಒಂದು ಉದಾಹರಣೆ ಕೊಡಲೇಬೇಕು. ಬಾಶೋ, 1644ರಿಂದ 1694ರವರೆಗೆ ಬದುಕಿದ್ದ ಕವಿ. 1686ರಲ್ಲಿ ಬರೆದ ಅವನ ಕಪ್ಪೆಯ ಹಾಯ್ಕು, ಅಂದರೆ ಮೂರೇ ಸಾಲಿನಷ್ಟು ಪುಟ್ಟ ಜಪಾನಿ ಪದ್ಯ, ಬಹುಶಃ ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಯಾದ ಪುಟ್ಟ ಪದ್ಯಗಳಲ್ಲಿ ಒಂದು. ಅದರಲ್ಲಿ ಇರುವುದು ಇಷ್ಟೇ: ಒಂದು ಹಳೆಯ ಕೊಳ, ಅದಕ್ಕೆ ಕಪ್ಪೆ ಹಾರುತ್ತದೆ, ನೀರಿನ ಸದ್ದು. ಅದಕ್ಕೂ ಮುಂಚೆ ಜಪಾನಿ ಕಾವ್ಯದಲ್ಲಿ ಕಪ್ಪೆ ಬಂದರೆ ಅದು ಕೂಗಬೇಕಿತ್ತು. ಕಪ್ಪೆಯ ದನಿ ಅನ್ನುವುದು ನೂರಾರು ವರ್ಷದಿಂದ ನಡೆದುಬಂದ ವಸ್ತು. ಬಾಶೋ ಕಪ್ಪೆಯ ಬಾಯಿ ಮುಚ್ಚಿಸಿದ. ಕೇಳಿಸುವುದು ನೀರಿನ ಸದ್ದು ಮಾತ್ರ. ಅವನ ಶಿಷ್ಯನೊಬ್ಬ ಮೊದಲ ಸಾಲಿಗೆ ಹಳದಿ ಹೂವೊಂದನ್ನು ಸೂಚಿಸಿದನಂತೆ, ಕಪ್ಪೆಯ ಜೊತೆ ಆ ಹೂವನ್ನು ತರುವುದು ಹಳೆಯ ರೂಢಿ, ನೋಡಲೂ ಚೆಂದ. ಬಾಶೋ ಒಪ್ಪಲಿಲ್ಲ, ಹಳೆಯ ಕೊಳವೇ ಇರಲಿ ಅಂದ ಅಂತ ಇನ್ನೊಬ್ಬ ಶಿಷ್ಯ ಬರೆದಿಟ್ಟಿದ್ದಾನೆ.

ಎಲ್ಲರೂ ಕಾಯುತ್ತಿರುವುದನ್ನು ಬಿಟ್ಟಾಗ ಓದುಗ ಬೇರೆ ಏನನ್ನೋ ಕೇಳಿಸಿಕೊಳ್ಳುತ್ತಾನೆ. ನಮ್ಮ ಪದ್ಯದಲ್ಲೂ ಹಾಗೇ ಆಗಿದೆ. ಪರಿಮಳ ಬಂದಿದ್ದರೆ ನಾವು ಹೂವಿನಲ್ಲೇ ಮೈಮರೆಯುತ್ತಿದ್ದೆವು. ಅಪ್ಪನ ಕಡೆ ತಿರುಗುತ್ತಲೇ ಇರಲಿಲ್ಲ.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಈ ಪದ್ಯವನ್ನು ಸ್ನೇಹಿತರೊಬ್ಬರಿಗೆ ಓದಿ ಹೇಳಿದಾಗ ಅವರು, "ಈಗ ಅನುಕೂಲ ಇರುವವರೆಲ್ಲ ಸ್ಪ್ರಿಂಕ್ಲರ್ ಹಾಕಿ ನೀರು ಹೊಡೆದು ಹೂವು ಅರಳಿಸುತ್ತಾರೆ, ಇವರು ಮೋಡ ನೋಡುತ್ತಾ ನಿಂತಿದ್ದಾರೆ ಅಂದರೆ ಸಣ್ಣ ಬೆಳೆಗಾರರೇ ಇರಬೇಕು, ಇದು ಬಡವರ ಪದ್ಯ" ಅಂದರು. ಯೋಚನೆ ಚೆನ್ನಾಗಿದೆ. ನೀರು ಹೊಡೆಯಲು ಕೆರೆ ಬೇಕು, ಮೋಟಾರು ಬೇಕು, ಡೀಸೆಲ್ಲೋ ಕರೆಂಟೋ ಬೇಕು, ಅದು ಎಲ್ಲರ ಹತ್ತಿರ ಇರುವುದಿಲ್ಲ ನಿಜ. ಆದರೆ ಸ್ಪ್ರಿಂಕ್ಲರ್ ಇದ್ದವರೂ ಹೂವಿನ ದಿನ ಮೋಡ ನೋಡುತ್ತಾರೆ. ಪದ್ಯ ಕೊಟ್ಟಿರುವ ಸುಳಿವು ಅಷ್ಟು ದೂರ ಹೋಗುವುದಿಲ್ಲ. ಇರಬಹುದು ಅಂತ ಇಟ್ಟುಕೊಳ್ಳಿ, ಇದೇ ಅಂತ ಹಟ ಹಿಡಿಯಬೇಡಿ. ಪದ್ಯದ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಆಗದ್ದನ್ನು ನಾನು ಅರ್ಥ ಅಂತ ಕರೆಯುವುದಿಲ್ಲ.

ಬೆರಳಿಟ್ಟು ತೋರಿಸಬಹುದಾದದ್ದು ಇನ್ನೊಂದಿದೆ. ಇದನ್ನೆಲ್ಲ ನೋಡುತ್ತಿರುವವರು ಯಾರು? "ನಾನು" ಅಂತ ಎಲ್ಲೂ ಬಂದಿಲ್ಲ. ಆದರೆ "ರೈತ" ಅನ್ನದೆ "ಅಪ್ಪ" ಅಂದಿದ್ದಾರೆ. ಹಾಗಾಗಿ ಅಂಗಳದಲ್ಲೋ ಕಾಫಿ ಕಣದ ಬದಿಯಲ್ಲೋ ಒಬ್ಬ ಮಗಳು ನಿಂತಿದ್ದಾಳೆ. ಅಪ್ಪ ಮೋಡ ನೋಡುತ್ತಿದ್ದಾರೆ, ಮಗಳು ಅಪ್ಪನನ್ನು ನೋಡುತ್ತಿದ್ದಾಳೆ. ಅವಳು ಹೋಗಿ ಸಮಾಧಾನ ಹೇಳುವುದಿಲ್ಲ. ಹೇಳಲು ಏನೂ ಇಲ್ಲ ಅಂತ ಅವಳಿಗೂ ಗೊತ್ತು. ನನಗೆ ಎದೆ ಭಾರವಾಗಿದ್ದು ಇಲ್ಲಿ.

(ದೃಶ್ಯ: ಹೂವಿನ ಮೇಲೆ ತುಡುವೆ ಜೇನು. ಹಿನ್ನೆಲೆಯ ಸದ್ದು ಹಾಗೇ ಇರಲಿ.)

ಕೊನೆ ಸಾಲು, ಜೇನು. ಅರೇಬಿಕಾ ತನ್ನದೇ ಪರಾಗದಿಂದಲೂ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಹಾಗಲ್ಲ, ಬೇರೆ ಗಿಡದ ಪರಾಗವೇ ಬೇಕು, ಅದನ್ನು ಗಾಳಿ ತರಬೇಕು ಇಲ್ಲವೇ ತುಡುವೆ, ಹೆಜ್ಜೇನು ತರಬೇಕು. ತೋಟ ಯಾವುದು ಅಂತ ಪದ್ಯ ಹೇಳಿಲ್ಲ. ರೊಬಸ್ಟಾ ಅಂದುಕೊಂಡು ಓದಿದರೆ ಅಪ್ಪನ ಕೈಯಲ್ಲಿ ಆಗದ ಕೆಲಸವನ್ನು ಆ ಹೊತ್ತಿನಲ್ಲಿ ಜೇನು ಮಾಡುತ್ತಿದೆ. ಅದಕ್ಕೆ ಸಾಲ ಗೊತ್ತಿಲ್ಲ, ಬ್ಯಾಕಿಂಗ್ ಮಳೆ ಗೊತ್ತಿಲ್ಲ. ಹೂವು ಇದೆ, ಅಷ್ಟೇ.

ಈಗ ನೀವೇ ಒಂದು ಕೆಲಸ ಮಾಡಿ. ಕೊನೆಯ ಎರಡು ಸಾಲು ಅದಲು ಬದಲು ಮಾಡಿ ಗಟ್ಟಿಯಾಗಿ ಓದಿ.

ಜೇನಿಗೆ ಪುರುಸೊತ್ತಿಲ್ಲ.
ಮೋಡ ನೋಡುತ್ತ ನಿಂತಿದ್ದಾರೆ ಅಪ್ಪ.

ಅವೇ ಸಾಲು, ಆದರೆ ಹೀಗೆ ಓದಿದರೆ ಪದ್ಯ ಚಿಂತೆಯಲ್ಲಿ ಮುಗಿಯುತ್ತದೆ, ಅಪ್ಪ ಇನ್ನೂ ಒಂಟಿಯಾಗುತ್ತಾರೆ. ಮೂಲದಲ್ಲಿ ಚಿಂತೆ ಆದ ಮೇಲೂ ತೋಟದಲ್ಲಿ ಕೆಲಸ ನಡೆಯುತ್ತಲೇ ಇದೆ. ಬರೆದವರು ಬೇಕೆಂದೇ ಹೀಗೆ ಇಟ್ಟರೋ ತಾನಾಗಿ ಬಂತೋ, ನಾನಾದರೆ ಮೂಲವನ್ನು ಮುಟ್ಟುವುದಿಲ್ಲ. ನಿಮಗೆ ಬದಲಿಸಿದ್ದೇ ಇಷ್ಟವಾದರೆ ಯಾಕೆ ಅಂತ ಬರೆದು ಕಳಿಸಿ, ಓದುತ್ತೇನೆ.

ಮುಂದಿನ ವಿಡಿಯೋಗೆ ಹಾಸನದ ಆಲೂಗಡ್ಡೆ ಹೊಲದ ಮೇಲೆ ಯಾರಾದರೂ ನಾಲ್ಕೈದು ಸಾಲು ಬರೆದಿದ್ದರೆ ಕಳಿಸಿ. ಬಿತ್ತನೆ ಯಾವಾಗ, ಆ ವಾರ ಮಳೆ ಹೇಗಿತ್ತು ಅನ್ನುವುದನ್ನೂ ಜೊತೆಗೆ ಬರೆಯಿರಿ, ಓದುವಾಗ ಅದು ಬೇಕಾಗುತ್ತದೆ.