ಡಿ ಡ್ರೈವ್ ಬೇರೆ ಡಿಸ್ಕ್ ಅಲ್ಲ

ಎಲ್ಲರಿಗೂ ನಮಸ್ಕಾರ. ಈ ಟ್ರಾಫಿಕ್‌ನಲ್ಲಿ ಚಾಮರಾಜಪೇಟೆವರೆಗೆ ಬಂದಿದ್ದೀರಿ, ತುಂಬಾ ಸಂತೋಷ.

ಇಲ್ಲೇ ಎರಡು ರಸ್ತೆ ಆಚೆ ನಾನು ಹಲವು ವರ್ಷ ಡಿಟಿಪಿ ಕೆಲಸ ಮಾಡಿದೆ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ಸ್ಮರಣ ಸಂಚಿಕೆ. ದಿನಾ ಸಂಜೆ ಫೈಲುಗಳನ್ನೆಲ್ಲ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡಿ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ. ಒಂದು ಸೋಮವಾರ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನಿಂದ ಟಿಕ್, ಟಿಕ್, ಟಿಕ್ ಅಂತ ಸದ್ದು. ಸಿ ಹೋಯಿತು, ಡಿ ಕೂಡ ಹೋಯಿತು. ಎರಡೂ ಒಂದೇ ಡಿಸ್ಕ್‌ನ ಎರಡು ಭಾಗ, ಒಂದೇ ಬೀರುವಿನ ಎರಡು ಖಾನೆ ಇದ್ದ ಹಾಗೆ. ಬೀರುವಿಗೇ ಬೆಂಕಿ ಬಿದ್ದರೆ ಯಾವ ಖಾನೆ ಉಳಿಯುತ್ತೆ? ಒಬ್ಬ ನಿವೃತ್ತ ಮೇಷ್ಟ್ರ ಆತ್ಮಕಥೆ ಅದರಲ್ಲಿತ್ತು, ಮೂರನೇ ಪ್ರೂಫ್ ಮುಗಿದಿತ್ತು. 'ಮತ್ತೆ ಟೈಪ್ ಮಾಡಿದರಾಯ್ತು ಬಿಡಪ್ಪ' ಅಂದರು ಅವರು. ಕೈಬರಹದ ಪ್ರತಿ ಇತ್ತು ನಿಜ. ಪಕ್ಕದಲ್ಲಿ ಕೂತು ಅವರು ಹೇಳಿ ಮಾಡಿಸಿದ್ದ ತಿದ್ದುಪಡಿಗಳು ಮಾತ್ರ ಎಲ್ಲೂ ಇರಲಿಲ್ಲ.

ಆಗ ನನಗೆ ಗೊತ್ತಿದ್ದರೆ ಬೇರೊಂದು ಡಿಸ್ಕ್‌ನ ಬೆಲೆಯಲ್ಲಿ ಎಲ್ಲ ಉಳಿಯುತ್ತಿತ್ತು. ಡಿಸ್ಕ್ ಕ್ಲೋನ್ ಮಾಡುವ ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಬೇಕಿಲ್ಲ.

ಕ್ಲೋನ್ ಬೇರೆ, ಬ್ಯಾಕಪ್ ಬೇರೆ. ಬ್ಯಾಕಪ್ ನಿಮ್ಮ ಫೈಲುಗಳನ್ನು ಕಾಯುತ್ತದೆ. ಕ್ಲೋನ್ ಅಂದರೆ ವಿಂಡೋಸ್, ಪ್ರಿಂಟರ್ ಡ್ರೈವರ್, ಫಾಂಟು, ಸೆಟ್ಟಿಂಗ್ ಸಮೇತ ಇಡೀ ಡಿಸ್ಕ್‌ನ ಪಡಿಯಚ್ಚು. ಹಳೆ ಡಿಸ್ಕ್ ಕೆಟ್ಟರೆ ಇದನ್ನು ಹಾಕಿ ಆನ್ ಮಾಡಿದರೆ ಆಯಿತು. ನಮ್ಮ ಪ್ರೆಸ್‌ಗಳಿಗೆ ಇದು ಜಾಸ್ತಿ ಬೇಕು. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಫಾಂಟುಗಳಲ್ಲಿ ಮಾಡಿದ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫೈಲ್ ಉಳಿದು ಫಾಂಟ್ ಹೋದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ.

ಕ್ಲೋನ್‌ಗೆ ನಾನು ನಂಬುವುದು ತೈವಾನ್‌ನಲ್ಲಿ ಬೆಳೆದ ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರನ್ನು. ಇದನ್ನು ರೂಫಸ್ ಎಂಬ ಸಣ್ಣ ಸಾಫ್ಟ್‌ವೇರ್‌ನಿಂದ 4 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಬೇಕು, ಅಂದರೆ ಶುರು ಮಾಡಬೇಕು. ಡೇಟಾ ಇರುವ ಜಾಗವನ್ನಷ್ಟೇ ಕಾಪಿ ಮಾಡುವುದರಿಂದ ಬೇಗ ಮುಗಿಯುತ್ತದೆ. ಹೊಸ ಡಿಸ್ಕ್ ಹಳೆಯದಷ್ಟೇ ದೊಡ್ಡದಿರಬೇಕು, ಇಲ್ಲವೇ ಇನ್ನೂ ದೊಡ್ಡದಿರಬೇಕು. ಬರೀ ಅಕ್ಷರಗಳ ಪರದೆ ಕಂಡು ಭಯವಾದರೆ ಮೌಸ್‌ನಿಂದ ನಡೆಯುವ ರೆಸ್ಕ್ಯೂಜಿಲ್ಲಾ ಇದೆ. ಅದೂ ಉಚಿತ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಯಾವುದರಿಂದ ಯಾವುದಕ್ಕೆ ಅಂತ ಕೇಳುವಾಗ ಪರದೆ ಮೇಲೆ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಬರುತ್ತೆ. ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾ ಮೇಲೆ ಕೂರುತ್ತದೆ. ಹಾಗಾಗಿ ಶುರು ಮಾಡುವ ಮೊದಲೇ ಎರಡೂ ಡಿಸ್ಕ್‌ನ ಕಂಪನಿ, ಸೈಜ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 'ಖಚಿತವೇ' ಅಂತ ಅದು ಎರಡು ಸಲ ಕೇಳುತ್ತದೆ. ಎರಡು ಸಲವೂ ಚೀಟಿ ನೋಡಿ, ಆಮೇಲೆ ವೈ ಒತ್ತಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನೂ ಬರೆದಿಡಿ. ಕ್ಲೋನ್ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಜೋಡಿಸಿ ಬೂಟ್ ಮಾಡಬೇಡಿ. ಗುರುತು ಒಂದೇ ಇರುವುದರಿಂದ ವಿಂಡೋಸ್‌ಗೆ ಗೊಂದಲವಾಗುತ್ತದೆ.

ಟಿಕ್ ಟಿಕ್ ಶುರುವಾದ ಡಿಸ್ಕ್‌ಗೆ ಇದ್ಯಾವುದೂ ಬೇಡ. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋಗಿ. ಸದ್ದಿಲ್ಲ, ಅಲ್ಲಲ್ಲಿ ಓದಲು ಆಗುತ್ತಿಲ್ಲ ಅಷ್ಟೇ ಅನ್ನುವುದಾದರೆ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಳಸಿ. ಅದು ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ.

ದಿನನಿತ್ಯದ ಬ್ಯಾಕಪ್‌ಗೆ ವಿಂಡೋಸ್‌ನಲ್ಲೇ ಫೈಲ್ ಹಿಸ್ಟರಿ ಇದೆ. ಹೊರಗಿನ ಡಿಸ್ಕ್ ಜೋಡಿಸಿದರೆ ಗಂಟೆಗೊಮ್ಮೆ ಬದಲಾದ ಫೈಲು ಎತ್ತಿಡುತ್ತದೆ, ಹಳೆ ಪ್ರತಿಯನ್ನೂ ಉಳಿಸುತ್ತದೆ. ಆದರೆ ಅದು ನೋಡುವುದು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಇಂಥವನ್ನು. ನಾವು ಕೆಲಸವೆಲ್ಲ ಇಡುವ ಡಿ ಡ್ರೈವ್ ತಾನಾಗಿ ಸೇರುವುದಿಲ್ಲ! ಅದಕ್ಕೆ ಫ್ರೀಫೈಲ್‌ಸಿಂಕ್ ಎಂಬ ಫೈಲ್ ಕಾಪಿ ಮಾಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ 'ಮಿರರ್' ಬೇಡ, 'ಅಪ್‌ಡೇಟ್' ಆರಿಸಿ. ಮಿರರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ. ಮ್ಯಾಕ್‌ನವರಿಗೆ 2007ರಿಂದಲೇ ಟೈಮ್ ಮೆಷೀನ್ ಎಂಬ ಬ್ಯಾಕಪ್ ಇದೆ, ಹೊರಗಿನ ಡಿಸ್ಕ್ ಜೋಡಿಸಿ ಆನ್ ಮಾಡಿದರೆ ಸಾಕು.

ಕಾಪಿ ಆಯಿತು ಅಂತ ಸುಮ್ನೆ ಕೂರಬೇಡಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆರೆದು ನೋಡಿ. ಆ ಡಿಸ್ಕ್ ಅಂಗಡಿಯಲ್ಲೇ ಇದ್ದರೆ ಕಳ್ಳ ಬಂದರೂ ಮಳೆನೀರು ನುಗ್ಗಿದರೂ ಎರಡೂ ಒಟ್ಟಿಗೆ ಹೋಗುತ್ತವೆ, ಅಲ್ವಾ? ರಾತ್ರಿ ಮನೆಗೆ ತೆಗೆದುಕೊಂಡು ಹೋಗಿ.

ಇದಕ್ಕೆ ಬೇಕಾದ ಯುಎಸ್‌ಬಿ ಕೇಬಲ್, ಡಿಸ್ಕ್ ಎರಡೂ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಈ ಮೇಜಿನ ಮೇಲಿರುವ ಹಳೆ ಲ್ಯಾಪ್‌ಟಾಪ್‌ಗೂ ಅಲ್ಲಿಂದಲೇ ತಂದು ಜೋಡಿಸಿದ್ದೇನೆ. ಚೀಟಿಯೂ ಬರೆದಾಯಿತು. ಹತ್ತಿರ ಬನ್ನಿ, ಹಿಂದಿನವರಿಗೆ ಪರದೆ ಕಾಣುವುದಿಲ್ಲ. ಮೊದಲ ಸಲ ಕೇಳಿದಾಗ ನಾನು ಒತ್ತುತ್ತೇನೆ, ಎರಡನೇ ಸಲ ನಿಮ್ಮಲ್ಲಿ ಯಾರಾದರೂ ಚೀಟಿ ನೋಡಿ ಒತ್ತಿ.