ಹೊಸ ಹಿಮ, ಐದು ಜೋಡಿ ಸ್ಕೀ

ಬೆಟ್ಟ ಹತ್ತಿ ಸ್ಕೀಯಲ್ಲಿ ಇಳಿಯಲು ಹೊರಟ ನಮ್ಮ ಐವರ ವಿಡಿಯೊ ಇದು. ಮೊದಲಿಗೆ ಕಾಣುವ ಈ ಮಿಣುಕು ಬೆಳಕುಗಳು ನಮ್ಮ ಹಣೆಗೆ ಕಟ್ಟಿಕೊಂಡ ದೀಪಗಳವು. ಬೆಳಗಿನ ಜಾವ ಐದೂವರೆ. ರಾತ್ರಿಯಿಡೀ ಸುರಿದ ಹಿಮ ಆಗಷ್ಟೇ ನಿಂತಿತ್ತು. ಕಾರಿನಿಂದ ಕಾಲು ಕೆಳಗಿಟ್ಟರೆ ಮೊಣಕಾಲಿನವರೆಗೆ ಹೂತುಹೋಯಿತು. ಎಲ್ಲೂ ಸದ್ದಿಲ್ಲ. ಹೊಸ ಹಿಮದಲ್ಲಿ ಬಹುಪಾಲು ತುಂಬಿರುವುದು ಗಾಳಿಯೇ. ಅದು ಸದ್ದನ್ನು ಹೀರಿಕೊಂಡುಬಿಡುತ್ತದೆ. ಹತ್ತು ಹೆಜ್ಜೆ ಆಚೆಯಿಂದ ಗೆಳೆಯ ಕರೆದದ್ದು ದಿಂಬಿನೊಳಗಿಂದ ಬಂದ ಹಾಗೆ ಕೇಳಿಸಿತು.

ಇಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲ, ದಾರಿ ಸಮಮಾಡುವ ಯಂತ್ರವಿಲ್ಲ, ಕಾವಲಿನವರಿಲ್ಲ. ಎಷ್ಟು ಇಳಿಯಬೇಕೋ ಅಷ್ಟನ್ನೂ ನಾವೇ ಹತ್ತಬೇಕು. ಹೊರಡುವ ಮೊದಲು ಒಬ್ಬರು ಮುಂದೆ ನಿಂತರು, ಉಳಿದ ನಾಲ್ವರು ಅವರ ಮುಂದೆ ಒಬ್ಬೊಬ್ಬರಾಗಿ ಹಾದುಹೋದೆವು. ಎದೆಗೆ ಕಟ್ಟಿದ ಬೀಕನ್, ಅಂದರೆ ರೇಡಿಯೊ ಸಂಕೇತ ಕಳಿಸುವ ಪುಟ್ಟ ಯಂತ್ರ, ಕೆಲಸ ಮಾಡುತ್ತಿದೆಯೇ ಎಂದು ನೋಡುವ ಕ್ರಮ ಇದು. ಯಾವ ಕಂಪನಿಯ ಬೀಕನ್ ಆದರೂ ಮಿಡಿಯುವುದು 457 ಕಿಲೋಹರ್ಟ್ಸ್‌ನಲ್ಲೇ. ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ಬೀಕನ್, ಎಷ್ಟು ಆಳದಲ್ಲಿದ್ದಾರೆಂದು ಚುಚ್ಚಿ ನೋಡಲು ಪ್ರೋಬ್, ಅಗೆದು ತೆಗೆಯಲು ಸಲಿಕೆ. ಈ ಮೂರರಲ್ಲಿ ಒಂದಿಲ್ಲದಿದ್ದರೂ ನಾವು ಯಾರನ್ನೂ ಜೊತೆಗೆ ಕರೆದೊಯ್ಯುವುದಿಲ್ಲ. ಹೂತವರಿಗೆ ಇರುವುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಹೊರಗಿನ ನೆರವು ಅಷ್ಟರಲ್ಲಿ ಬರುವುದು ತೀರಾ ಅಪರೂಪ. ಪಕ್ಕದಲ್ಲಿರುವವರೇ ಗತಿ.

ಸ್ಕೀಯ ಅಡಿಗೆ ಅಂಟಿಸುತ್ತಿರುವ ಈ ಉದ್ದನೆಯ ಪಟ್ಟಿಯ ಹೆಸರು ಸ್ಕಿನ್. ಹಿಂದೆ ಇದನ್ನು ನಿಜವಾಗಿಯೂ ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು, ಹೆಸರು ಹಾಗೇ ಉಳಿದಿದೆ. ಈಗ ಇರುವುದು ನೈಲಾನ್ ಅಥವಾ ಮೊಹೇರ್ ಎಂಬ ಮೇಕೆ ಕೂದಲು. ಬೆರಳಿಂದ ಮುಂದಿನಿಂದ ಹಿಂದಕ್ಕೆ ಸವರಿದರೆ ಬೆಕ್ಕಿನ ಬೆನ್ನಿನಷ್ಟು ನಯ, ಹಿಂದಿನಿಂದ ಮುಂದಕ್ಕೆ ಸವರಿದರೆ ಒರಟು. ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ಏರುವುದೆಲ್ಲ ಇದರ ಬಲದ ಮೇಲೆಯೇ. ಹತ್ತುವಾಗ ಹಿಮ್ಮಡಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಿಂದ ಬಿಡುಗಡೆಯಾಗಿರುತ್ತದೆ. ಸ್ಕೀಯನ್ನು ಎತ್ತಿ ಇಡಬಾರದು, ಎಳೆದುಕೊಂಡು ಹೋಗಬೇಕು. ಮುಂದಿರುವವರು ಹೊಸ ಹಿಮವನ್ನು ಸೀಳಿ ದಾರಿ ಮಾಡುತ್ತಾರೆ, ಏದುಸಿರು ಬಂದಾಗ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರುತ್ತಾರೆ. ಮೂರು ಗಂಟೆ ಹೀಗೆಯೇ ಹತ್ತಿದೆವು.

ಈಗ ಈ ದೃಶ್ಯ ನೋಡಿ. ಬೋಗುಣಿಯಂಥ ಕಣಿವೆ, ಒಂದು ಗೆರೆಯೂ ಬಿದ್ದಿಲ್ಲ, ಮೇಲೆ ಎಳೆಬಿಸಿಲು. ನಾವು ಬಂದದ್ದೇ ಇದಕ್ಕಾಗಿ. ಇಳಿಜಾರು ಅಳೆದೆವು: 36 ಡಿಗ್ರಿ. ಸ್ಕೀಗೆ ಸೊಗಸಾದ ಕೋನ. ಹಿಮಕುಸಿತಕ್ಕೂ ಅಷ್ಟೇ ಒಗ್ಗುವ ಕೋನ. ಆ ದಿನದ ಮುನ್ಸೂಚನೆ ಐದರಲ್ಲಿ ಮೂರನೆಯ ಹಂತದ ಅಪಾಯ ಎಂದಿತ್ತು. ಕಣಿವೆಗೆ ಇಳಿಯದೆ, ಅದೇ ದಿಕ್ಕಿಗೆ ಮುಖಮಾಡಿದ ಒಂದು ಪುಟ್ಟ ದಿಣ್ಣೆಯಲ್ಲಿ, ಹಿಮದ ಪದರಗಳು ಎಷ್ಟು ಗಟ್ಟಿಯಾಗಿ ಕೂತಿವೆ ಎಂದು ನೋಡಲು ಗುಂಡಿ ತೋಡಿದೆವು.

ಗುಂಡಿಯ ಗೋಡೆಯಲ್ಲಿ 30 ಸೆಂಟಿಮೀಟರ್ ಚೌಕದ ಹಿಮದ ಕಂಬ ಕೊರೆದು, ತುದಿಯ ಮೇಲೆ ಸಲಿಕೆ ಇಟ್ಟು ತಟ್ಟಬೇಕು. ಮೊದಲು ಮಣಿಕಟ್ಟಿನಿಂದ ಹತ್ತು ಏಟು, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಎಲ್ಲರೂ ಜೋರಾಗಿ ಎಣಿಸುತ್ತಿದ್ದೆವು. ಹದಿಮೂರಕ್ಕೆ ಕಂಬದ ಮೇಲ್ಭಾಗ ಮೇಜಿನ ಖಾನೆ ಎಳೆದಷ್ಟು ನುಣ್ಣಗೆ ಮುಂದೆ ಸರಿಯಿತು. ಯಾರೂ ಹದಿನಾಲ್ಕು ಎನ್ನಲಿಲ್ಲ.

ಸರಿದ ಜಾಗದಿಂದ ಒಂದು ಚಿಟಿಕೆ ಹಿಮ ತೆಗೆದು ಅಂಗೈಯಲ್ಲಿ ಹಿಡಿದೆ. ಸಕ್ಕರೆ. ಹರಳು ಹರಳಾಗಿ ಉದುರುತ್ತಿತ್ತು, ಎಷ್ಟು ಒತ್ತಿದರೂ ಉಂಡೆ ಕಟ್ಟಲಿಲ್ಲ. ಹಿಮದ ಹೊದಿಕೆ ತೆಳುವಾಗಿದ್ದಾಗ ನೆಲದ ಬಿಸುಪಿಗೂ ಮೇಲಿನ ಕೊರೆಯುವ ಚಳಿಗೂ ನಡುವೆ ಒಳಗಿನ ಕಣಗಳು ಹೀಗೆ ಮೂಲೆ ಮೂಲೆಯಾಗಿ ಬೆಳೆದು, ಒಂದಕ್ಕೊಂದು ಅಂಟದೆ ಉಳಿದುಬಿಡುತ್ತವೆ. ಅದರ ಮೇಲೆ ರಾತ್ರಿಯ ಹಿಮ ಹಲಗೆಯಂತೆ ಕುಳಿತಿತ್ತು. ಕುಸಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರ ಕಾಲಡಿಯಲ್ಲೇ, ಇಲ್ಲವೇ ಅವರ ಜೊತೆಗಾರರ ಕಾಲಡಿಯಲ್ಲೇ ಅದು ಶುರುವಾಗಿರುತ್ತದೆ.

"ನನಗೆ ಇದು ಬೇಡ." ಹೇಳಿದ್ದು ನಮ್ಮೆಲ್ಲರಿಗಿಂತ ಕಿರಿಯಳಾದ ಗೆಳತಿ, ಇದು ಅವಳ ಎರಡನೆಯ ಚಳಿಗಾಲ. ನನ್ನ ಬಾಯಲ್ಲೂ ಅದೇ ಮಾತಿತ್ತು, ಹೊರಡಲಿಲ್ಲ. ಮೂರು ಗಂಟೆ ಹತ್ತಿದ ಮೇಲೆ, ನಾಲ್ವರ ಕಣ್ಣಲ್ಲಿ ಆಸೆ ಕಂಡ ಮೇಲೆ, ಬೇಡ ಎನ್ನಲು ಎಷ್ಟು ಗಟ್ಟಿ ಎದೆ ಬೇಕು ಎಂಬುದು ಅಲ್ಲಿ ನಿಂತವರಿಗೆ ಗೊತ್ತು. ಒಬ್ಬರು ಬೇಡವೆಂದರೂ ಎಲ್ಲರೂ ಹಿಂದಿರುಗುವುದು ಎಂದು ಕಾರಿನಲ್ಲೇ ಮಾತಾಗಿತ್ತು. ಯಾರೂ ವಾದಿಸಲಿಲ್ಲ. ಅವಳ ಭುಜ ತಟ್ಟಿ, ಏಣಿನ ಇನ್ನೊಂದು ಬದಿಯ ಕಾಡಿನತ್ತ ತಿರುಗಿದೆವು. ಅಲ್ಲಿ ಇಳಿಜಾರು 25 ಡಿಗ್ರಿ, ತಲೆಯ ಮೇಲೆ ಕಡಿದಾದದ್ದೇನೂ ಇಲ್ಲ.

ಇಲ್ಲಿಂದ ಮುಂದಿನ ಒಂದೂವರೆ ನಿಮಿಷ ನಾನು ಮಾತಾಡುವುದಿಲ್ಲ ಎಂದುಕೊಂಡಿದ್ದೆ, ಆದರೆ ಒಂದು ಮಾತು. ಗಟ್ಟಿ ಹಿಮದಲ್ಲಿ ತಿರುಗುವಾಗ ಹೊರಗಾಲಿಗೆ ಭಾರ ಕೊಡುತ್ತೇವೆ. ಇಲ್ಲಿ ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮ ಭಾರ. ಆಗ ಸ್ಕೀ ಮುಳುಗಿ, ತೇಲಿ, ಮತ್ತೆ ಮುಳುಗುತ್ತದೆ, ತೊಟ್ಟಿಲು ತೂಗಿದ ಹಾಗೆ. ಹಿಮ ಎದೆಗೆ ಬಡಿದು ಮುಖದ ಮೇಲೆ ಹಾರುತ್ತದೆ. ಆ ಪುಡಿಗೆ ತೂಕವೇ ಇಲ್ಲ. ಮರಗಳ ಬುಡದಲ್ಲಿ, ಕೊಂಬೆಗಳ ಅಡಿ, ಸಡಿಲ ಹಿಮದ ಗುಂಡಿಗಳು ಅಡಗಿರುತ್ತವೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರುವುದು ಕಷ್ಟ. ಅದಕ್ಕೇ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಾ, ಕೂಗಿಗೆ ಮರುಕೂಗು ಕೊಡುತ್ತಾ ಇಳಿಯುತ್ತಿದ್ದೇವೆ. ಆ ಕೂಗುಗಳನ್ನು ಹಾಗೆಯೇ ಬಿಟ್ಟಿದ್ದೇನೆ, ಕೇಳಿಸಿಕೊಳ್ಳಿ.

ಕೊನೆಗೆ ಮರಗಳ ನಡುವಿಂದ ಹೊರಬಂದವಳು ಅವಳೇ. ರೆಪ್ಪೆಯ ತುಂಬ ಹಿಮ. "ಇನ್ನೊಂದು ಸಲ?" ಎಂದಳು. ಗಂಟೆ ಇನ್ನೂ ಹನ್ನೊಂದೂ ಆಗಿರಲಿಲ್ಲ. ಅಂಟು ತಣ್ಣಗಾಗಿ ಹಿಡಿತ ಕಳೆದುಕೊಳ್ಳದಿರಲೆಂದು ಕೋಟಿನೊಳಗೆ ಬೆಚ್ಚಗಿಟ್ಟಿದ್ದ ಸ್ಕಿನ್‌ಗಳನ್ನು ಐವರೂ ಹೊರತೆಗೆದೆವು.